ಫ್ಯೂಸ್ ಪದೇ ಪದೇ ಹೋಗುತ್ತಿದೆ, ದಪ್ಪ ತಂತಿ ಹಾಕಬಹುದಾ?

ಪ್ರಶ್ನೆ – ಶಿರಸಿ ತಾಲೂಕಿನಿಂದ
ನಮ್ಮದು ಅಡಿಕೆ ತೋಟದ ಪಕ್ಕದ ಹಳೆ ಮನೆ. ಮರದ ಪಟ್ಟಿ ಮೇಲೆ ಹೊಡೆದ ವೈರಿಂಗ್, ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸ್. ಗೀಸರ್ ಹಾಕಿರುವಾಗ ಬಾವಿ ಪಂಪ್ ಚಾಲೂ ಮಾಡಿದರೆ ಫ್ಯೂಸ್ ಹೋಗುತ್ತಿತ್ತು. ಪಕ್ಕದ ಮನೆಯವರು ವೈರಿನ ಏಳೆಂಟು ಎಳೆ ಹೊಸೆದು ಹಾಕಿಕೊಟ್ಟರು. ಎರಡು ತಿಂಗಳಿಂದ ಒಮ್ಮೆಯೂ ಹೋಗಿಲ್ಲ. ಆದರೆ ಬಚ್ಚಲು ಮನೆ ಹತ್ತಿರದ ಬೋರ್ಡಿನಿಂದ ಸುಟ್ಟ ವಾಸನೆ ಬರುತ್ತಿದೆ. ಹೀಗೇ ಬಿಡಬಹುದಾ?

ಉತ್ತರ – ಎಲೆಕ್ಟ್ರಿಷಿಯನ್, ಕುಮಟಾ
ಬಿಡಬೇಡಿ. ಮೊದಲು ಹೋಗಿ ಮೇನ್ ಸ್ವಿಚ್ ಬಂದ್ ಮಾಡಿ ಬನ್ನಿ, ಆಮೇಲೆ ಮುಂದಕ್ಕೆ ಓದಿ.

ಫ್ಯೂಸ್ ಕಾಯುವುದು ಗೀಸರನ್ನೂ ಅಲ್ಲ, ಪಂಪನ್ನೂ ಅಲ್ಲ. ಅದು ಕಾಯುವುದು ಗೋಡೆ ಮೇಲೆ, ಅಟ್ಟದ ಮೇಲೆ ಹೋಗುವ ನಿಮ್ಮ ವೈರನ್ನು. 22 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಜನ ತಪ್ಪು ತಿಳಿಯುವುದು ಇಲ್ಲೇ ಜಾಸ್ತಿ.

ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಮನೆ ವೈರಿನ ಮಾಮೂಲಿ ಪಿವಿಸಿ ಸಿಪ್ಪೆ ಸುಮಾರು 70 ಡಿಗ್ರಿ ಶಾಖದವರೆಗೆ ಮಾತ್ರ ಸರಿ. ಒಳಗಿನ ತಾಮ್ರ ಕರಗುವುದು 1085 ಡಿಗ್ರಿಗೆ. ಅಂದರೆ ತಾಮ್ರ ಕರಗುವ ಎಷ್ಟೋ ಮೊದಲೇ ಸಿಪ್ಪೆ ಮೆತ್ತಗಾಗಿ, ಕರಿಯಾಗಿ, ಮರದ ಪಟ್ಟಿಗೆ ಬೆಂಕಿ ತಗುಲಬಹುದು. ಅದಕ್ಕೇ ದಾರಿಯಲ್ಲಿ ಒಂದು ಕಡೆ ಬೇಕಂತಲೇ ತೆಳ್ಳಗಿನ ತಂತಿ ಇಡುತ್ತೇವೆ. ಕರೆಂಟ್ ಮಿತಿ ಮೀರಿದರೆ ಪಿಂಗಾಣಿಯ ಒಳಗೆ ಅದು ಕರಗಿ, ಮುಂದಿನ ವೈರ್ ಉಳಿಯಬೇಕು.

5 ಆಂಪಿಯರ್ ಫ್ಯೂಸಿಗೆ ಹಾಕುವ ತಂತಿ 0.2 ಮಿ.ಮೀ. ದಪ್ಪ, 15 ಆಂಪಿಯರಿಗೆ 0.5 ಮಿ.ಮೀ. ಅಷ್ಟೇ. ನಿಮ್ಮಲ್ಲಿ ಹೊಸೆದಿರುವ ಏಳೆಂಟು ಎಳೆ 40–50 ಆಂಪಿಯರ್ ಬಂದರೂ ತಾಳಿಕೊಳ್ಳಬಹುದು. ನಿಮ್ಮ ವೈರ್ ತಾಳುವುದಿಲ್ಲ. ಈಗ ಫ್ಯೂಸ್ ಮಾಡಬೇಕಾದ ಕೆಲಸವನ್ನು ಬಚ್ಚಲು ಮನೆಯ ಬೋರ್ಡ್ ಮಾಡುತ್ತಿದೆ. ಆ ವಾಸನೆ ಅದರದ್ದೇ.

ಮೊದಲು ಫ್ಯೂಸ್ ಯಾಕೆ ಹೋಗುತ್ತಿತ್ತು ಅಂದರೆ, 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಒಂದು ಎಚ್‌ಪಿ ಪಂಪ್ ಓಡುವಾಗ ಆರೇಳು ಆಂಪಿಯರ್, ಆದರೆ ಚಾಲೂ ಆಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು. ಎರಡೂ ಒಂದೇ ಫ್ಯೂಸಿನಲ್ಲಿದ್ದರೆ ಅದು ಹೋಗಲೇಬೇಕು. ಫ್ಯೂಸ್ ಸರಿಯಾಗಿಯೇ ಇತ್ತು, ಲೈನ್ ಹಂಚಿದ್ದು ಸರಿ ಇಲ್ಲ. ಪಂಪಿಗೆ ಬೇರೆ ಲೈನ್, ಗೀಸರಿಗೆ ಬೇರೆ ಲೈನ್ ಎಳೆಸಿ.

ಪ್ರಶ್ನೆ – ಅದೇ ಸದಸ್ಯರು
ಹಾಗಾದರೆ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬಿದ್ದು ಲೈನ್ ಬಂದ್ ಮಾಡುವ ಸ್ವಿಚ್) ಹಾಕಿಸಿದರೆ ಮುಗಿಯಿತಲ್ವಾ?

ಉತ್ತರ
ಹಾಕಿಸಿ, ಒಳ್ಳೆಯದೇ. ಆದರೆ ವೈರ್ ನೋಡಿ ಎಂಸಿಬಿ ಆರಿಸಬೇಕು. ನಾನು 1.5 ಚದರ ಮಿ.ಮೀ. ವೈರಿಗೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20 ಹಾಕುತ್ತೇನೆ. ಹಳೆ ತೆಳ್ಳಗಿನ ವೈರ್ ಹಾಗೇ ಇಟ್ಟು 32ರ ಎಂಸಿಬಿ ಕೂರಿಸಿದರೆ, ಆ ಹೊಸೆದ ಎಳೆಗೂ ಅದಕ್ಕೂ ವ್ಯತ್ಯಾಸ ಏನೂ ಇಲ್ಲ.

ಎಂಸಿಬಿ ಒಳಗೆ ಎರಡು ವ್ಯವಸ್ಥೆ ಇವೆ. ಲೋಡ್ ಸ್ವಲ್ಪ ಜಾಸ್ತಿಯಾದರೆ ಎರಡು ಲೋಹ ಸೇರಿಸಿದ ಪಟ್ಟಿ ಬಿಸಿಯಾಗಿ ನಿಧಾನಕ್ಕೆ ಬಾಗಿ ಬೀಳಿಸುತ್ತದೆ. ಶಾರ್ಟ್ ಆದರೆ ಕಾಯಿಲ್ ಅಯಸ್ಕಾಂತವಾಗಿ ತಕ್ಷಣ ಬೀಳಿಸುತ್ತದೆ. ಪಂಪಿಗೆ ಸಿ ಕರ್ವ್ ಎಂಬ ಬಗೆಯ ಎಂಸಿಬಿ ಕೇಳಿ ತನ್ನಿ. ಅದು ತಕ್ಷಣ ಬೀಳುವುದು ಅದರ ಮೇಲೆ ಬರೆದ ಆಂಪಿಯರಿನ ಐದರಿಂದ ಹತ್ತು ಪಟ್ಟು ಕರೆಂಟಿಗೆ. ಬಿ ಕರ್ವ್ ಮೂರರಿಂದ ಐದು ಪಟ್ಟಿಗೇ ಬೀಳುತ್ತದೆ, ಪಂಪ್ ಚಾಲೂ ಮಾಡುವಾಗೆಲ್ಲ ತೊಂದರೆ.

ಪ್ರಶ್ನೆ – ಕಾರವಾರದಿಂದ
ಮೇ ತಿಂಗಳ ಗುಡುಗಿನಲ್ಲಿ ನಮ್ಮ ಟಿವಿ, ಸೆಟ್‌ಟಾಪ್ ಬಾಕ್ಸ್ ಎರಡೂ ಸುಟ್ಟುಹೋದವು. ಫ್ಯೂಸ್ ಮಾತ್ರ ಹಾಗೇ ಇತ್ತು. ಫ್ಯೂಸ್ ಸರಿ ಇರಲಿಲ್ಲವೇ?

ಉತ್ತರ
ಬೇಜಾರಾಯಿತು. ಫ್ಯೂಸ್ ಸರಿಯೇ ಇದ್ದಿರಬಹುದು. ಫ್ಯೂಸಿಗೆ ಗೊತ್ತಾಗುವುದು ಆಂಪಿಯರ್ ಮಾತ್ರ, ವೋಲ್ಟ್ ಗೊತ್ತಾಗುವುದಿಲ್ಲ. ಸಿಡಿಲಿನಿಂದ ವೋಲ್ಟೇಜ್ ಏರಿ ಇಳಿಯುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ. ತಂತಿ ಬಿಸಿಯಾಗಿ ಕರಗುವಷ್ಟು ಹೊತ್ತೇ ಇರುವುದಿಲ್ಲ. ಟಿವಿಯ ಸಣ್ಣ ಬಿಡಿಭಾಗಗಳು ಸುಡಲು ಅಷ್ಟು ಸಾಕು.

ಇನ್ನೊಂದು ಕಾರಣವೂ ಇರುತ್ತದೆ. ಮಳೆಗಾಳಿಗೆ ಮರ ಬಿದ್ದು ಕಂಬದ ಮೇಲೆ ನ್ಯೂಟ್ರಲ್ ತಂತಿ (ಕರೆಂಟ್ ವಾಪಸ್ ಹೋಗುವ ತಂತಿ) ಕಡಿದರೆ, ಕೆಲವು ಮನೆಗಳಿಗೆ 230 ಬದಲು 400ರ ಹತ್ತಿರ ವೋಲ್ಟೇಜ್ ಬರಬಹುದು. ಬಲ್ಬ್ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೇನ್ ಬಂದ್ ಮಾಡಿ. ಸಿಡಿಲಿಗೆ, ಏರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಇದೆ, ಅದಕ್ಕೆ ಅರ್ಥಿಂಗ್ ಚೆನ್ನಾಗಿರಬೇಕು. ಆದರೂ ಗುಡುಗು ದೂರ ಇರುವಾಗಲೇ ಪ್ಲಗ್ ಕಿತ್ತಿಡುವುದು ಎಲ್ಲಕ್ಕಿಂತ ಒಳ್ಳೆಯದು. ಟಿವಿಯ ಕೇಬಲ್ಲನ್ನೂ ಕಿತ್ತಿಡಿ, ಬರೀ ಕರೆಂಟ್ ಪ್ಲಗ್ ತೆಗೆದರೆ ಸಾಲದು.

ಕಾರವಾರದವರು ಇನ್ನೊಂದು ನೋಡಿಕೊಳ್ಳಿ. ಸಮುದ್ರದ ಉಪ್ಪು ಗಾಳಿಗೆ ಫ್ಯೂಸಿನ ಹಿತ್ತಾಳೆ ಹಸಿರು ಹಿಡಿಯುತ್ತದೆ. ಹಿಡಿತ ಸಡಿಲಾದ ಜಾಗ ಕಡಿಮೆ ಕರೆಂಟಿಗೂ ಬಿಸಿಯಾಗುತ್ತದೆ. ಪಿಂಗಾಣಿ ಕಂದಿದ್ದರೆ ಆ ಫ್ಯೂಸನ್ನೇ ಬದಲಿಸಿ.

ಪ್ರಶ್ನೆ – ಅಂಕೋಲಾದಿಂದ
ವಾಷಿಂಗ್ ಮಷೀನ್ ಮುಟ್ಟಿದರೆ ಜುಂ ಅನ್ನುತ್ತದೆ. 16 ಆಂಪಿಯರ್ ಎಂಸಿಬಿ ಇದೆ, ಬೀಳುವುದಿಲ್ಲ ಯಾಕೆ?

ಉತ್ತರ
ಆ ಮಷೀನ್ ಈಗಲೇ ನಿಲ್ಲಿಸಿ, ಮಕ್ಕಳನ್ನು ದೂರ ಇಡಿ. ಮನುಷ್ಯನ ಜೀವ ಹೋಗಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. 16 ಆಂಪಿಯರಿಗಾಗಿ ಕಾಯುವ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಎರಡನ್ನೂ ಅದು ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್, ಅಂದರೆ 0.03 ಆಂಪಿಯರ್ ಮುಟ್ಟುವುದರೊಳಗೆ ಬೀಳುತ್ತದೆ. ಮನೆಗೆ 30 ಮಿಲಿ ಆಂಪಿಯರಿನದ್ದೇ ಕೇಳಿ. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಿ. ನಿಮ್ಮ ಪ್ಲಗ್ಗಿನ ಮೂರನೇ ಪಿನ್ನಿಗೆ ಅರ್ಥ್ ನಿಜವಾಗಿ ಬಂದಿದೆಯಾ ಅಂತಲೂ ಪರೀಕ್ಷೆ ಮಾಡಿಸಿ. ನಮ್ಮ ಚಿರೆಕಲ್ಲು ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಆಗ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಬೇಕು.

ಶಿರಸಿ ಸದಸ್ಯರು, ಮಾರನೇ ದಿನ
ಬಚ್ಚಲು ಮನೆ ಬೋರ್ಡ್ ಬಿಚ್ಚಿಸಿದೆವು. ಒಂದು ಗೇಣು ವೈರಿನ ಸಿಪ್ಪೆ ಪುಡಿಪುಡಿ. ಆ ಎಳೆ ಕಿತ್ತು ಹಾಕಿದೆ. ಒಂದೇ ಸಂಶಯ, ಹಳೆ ಬೋರ್ಡಿನಲ್ಲಿ ಫೇಸಿಗೊಂದು, ನ್ಯೂಟ್ರಲ್ಲಿಗೊಂದು ಎಂದು ಎರಡು ಫ್ಯೂಸ್ ಇವೆ. ಎರಡಕ್ಕೂ ಹೊಸ ತಂತಿ ಹಾಕಲೇ?

ಉತ್ತರ
ಬಿಚ್ಚಿಸಿದ್ದು ನಿಜಕ್ಕೂ ಸಮಾಧಾನ ತಂದಿತು. ನ್ಯೂಟ್ರಲ್ಲಿಗೆ ಫ್ಯೂಸ್ ಬೇಡ. ಅದೊಂದೇ ಕರಗಿದರೆ ದೀಪ ಆರುತ್ತದೆ, ಕರೆಂಟ್ ಹೋಗಿದೆ ಅಂದುಕೊಂಡು ಕೈ ಹಾಕುತ್ತೀರಿ, ಆದರೆ ಫೇಸ್ ಒಳಗೆ ಹಾಗೇ ಇರುತ್ತದೆ. ಹೊಸ ಬೋರ್ಡ್ ಕೂರಿಸುವಾಗ ನ್ಯೂಟ್ರಲ್ಲಿಗೆ ಗಟ್ಟಿ ಲಿಂಕ್ (ಫ್ಯೂಸ್ ಬದಲಿಗೆ ದಪ್ಪ ಲೋಹದ ಪಟ್ಟಿ) ಹಾಕಿಸಿ. ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಮೀಟರಿನ ಸೀಲ್ ನೀವು ಮುಟ್ಟಬೇಡಿ. ಅಲ್ಲಿಯವರೆಗೆ ಸ್ನಾನದ ನೀರಿಗೆ ಹಂಡೆಯೊಲೆಯೇ ಇರಲಿ.