ನ್ಯಾಟ್‌ಸಾರ್ಟ್ ಹಾಕಿದರೂ ಪುಟ10 ಮೊದಲು, ಪುಟ2 ಆಮೇಲೆ!

ಹಳೆಹೊತ್ತಗೆ: ತಲೆ ಕೆಟ್ಟುಹೋಗಿದೆ. ಸ್ಕ್ಯಾನ್ ಮಾಡಿದ ಪುಟಗಳನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ವೆಬ್‌ಪುಟದಲ್ಲಿ ತೋರಿಸಬೇಕು. ಹೆಸರಿನೊಳಗಿನ ಸಂಖ್ಯೆಯನ್ನು ಸಂಖ್ಯೆಯಾಗಿಯೇ ನೋಡಿ ಜೋಡಿಸುವ ನ್ಯಾಟ್‌ಸಾರ್ಟ್ ಹಾಕಿದ್ದೇನೆ, ಆದರೂ ಪುಟ1, ಪುಟ10, ಪುಟ2 ಎಂದೇ ಬರುತ್ತದೆ. ಇದು ಕೆಲಸ ಮಾಡುತ್ತದೋ ಇಲ್ಲವೋ?

ಮಲೆನಾಡಿಗ: ಕಡತದ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಬೆರೆತಿರಬೇಕು. ಆ ಭೇದ ನೋಡದ ನ್ಯಾಟ್‌ಕೇಸ್‌ಸಾರ್ಟ್ ಬಳಸಿ.

ಹಳೆಹೊತ್ತಗೆ: ಬಳಸಿದೆ. ಅದೇ ರಾಗ.

ಮಲೆನಾಡಿಗ: ಹಾಗಾದರೆ ಹೆಸರಿನ ಕೊನೆಯಲ್ಲಿರುವ ಜೆಪಿಜಿ ದೊಡ್ಡಕ್ಷರದಲ್ಲಿದೆ. ಮೊದಲು ಎಲ್ಲವನ್ನೂ ಸಣ್ಣಕ್ಷರಕ್ಕೆ ತನ್ನಿ.

ಅಲೆಮಾರಿ: ಬ್ರೌಸರಿಗೆ ಬಿಡಿ ಸ್ವಾಮಿ. ಅಲ್ಲಿನ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ಪಠ್ಯಗಳನ್ನು ಹೋಲಿಸುವ ಲೋಕೇಲ್‌ಕಂಪೇರ್‌ಗೆ ನ್ಯೂಮರಿಕ್ (ಸಂಖ್ಯೆಯಾಗಿ ನೋಡು) ಆಯ್ಕೆ ಕೊಟ್ಟರೆ ಮುಗಿಯಿತು.

ಮಲೆನಾಡಿಗ: ಬರಿಯ ಸಾರ್ಟ್ ಕರೆದರೆ ಸಂಖ್ಯೆಗಳನ್ನೂ ಪಠ್ಯವೆಂದು ಹೋಲಿಸಿ 2ರ ಮುಂದೆ 10 ಕೂರಿಸುವ ಭಾಷೆಯವರಿಂದ ಪಾಠವೇ?

ಗುಂಡುಸೂಜಿ: ಜಗಳ ಆಮೇಲೆ ಆಡಿ. ಪುಟಗಳನ್ನು ಮುದ್ರಿಸುವ ಸಾಲು ಎಲ್ಲಿದೆ?

ಹಳೆಹೊತ್ತಗೆ: ಅದರಲ್ಲೇನಿದೆ? ಕಡತಗಳನ್ನು ಹುಡುಕಿಕೊಡುವ ಗ್ಲಾಬ್‌ನಿಂದ ಪಟ್ಟಿ, ಆಮೇಲೆ ಸೊನ್ನೆಯಿಂದ ಎಣಿಸುವ ಮಾಮೂಲಿ ಫಾರ್ ಲೂಪ್.

ಗುಂಡುಸೂಜಿ: ಇರುವುದೆಲ್ಲ ಅಲ್ಲೇ. ಗ್ಲಾಬ್ ಕೊಟ್ಟಾಗ ಪುಟ1ರ ಕೀ (ಪಟ್ಟಿಯಲ್ಲಿ ಅದನ್ನು ಕರೆಯುವ ಸಂಖ್ಯೆ) 0, ಪುಟ10ರದು 1, ಪುಟ2ರದು 2. ನ್ಯಾಟ್‌ಸಾರ್ಟ್ ಸಾಲನ್ನು ಸರಿಪಡಿಸುತ್ತದೆ, ಆದರೆ ಯಾರ ಕೀಯನ್ನೂ ಮುಟ್ಟುವುದಿಲ್ಲ. ಈಗ ಕೀಗಳ ಸಾಲು 0, 2, 1. ನಿಮ್ಮ ಲೂಪ್ 0, 1, 2 ಎಂದು ಕರೆದರೆ ಹಳೆಯ ಕ್ರಮವೇ ಓಗೊಡುತ್ತದೆ. ಇರುವ ಸಾಲಿನಲ್ಲೇ ಒಂದೊಂದಾಗಿ ಓದುವ ಫಾರ್‌ಈಚ್ ಹಾಕಿ, ಇಲ್ಲವೇ ಅರೇ_ವ್ಯಾಲ್ಯೂಸ್‌ನಿಂದ ಕೀಗಳನ್ನು ಹೊಸದಾಗಿ ಕೊಡಿ. ಪಿಎಚ್‌ಪಿ 5.4ರಿಂದ ಸಾರ್ಟ್‌ಗೇ ಸಾರ್ಟ್_ನ್ಯಾಚುರಲ್ ಎಂಬ ಆಯ್ಕೆ ಸೇರಿಸಬಹುದು, ಅದು ಕೀಗಳನ್ನೂ ಹೊಸದು ಮಾಡುತ್ತದೆ. ಹೀಗೆ ಕದಡಿದ ಕೀಗಳ ಪಟ್ಟಿಯನ್ನು ದತ್ತಾಂಶ ಕಳಿಸುವ ಜೇಸನ್ ರೂಪಕ್ಕೆ ತಂದರೆ ಅರೇ (ಸಾಲುಪಟ್ಟಿ) ಬದಲು ಆಬ್ಜೆಕ್ಟ್ (ಕೀ-ಮೌಲ್ಯದ ಜೋಡಿಗಳು) ಹೊರಬೀಳುತ್ತದೆ, ಅದನ್ನೂ ನೋಡಿಕೊಳ್ಳಿ.

ಮಲೆನಾಡಿಗ: ಆದರೂ ನ್ಯಾಟ್‌ಕೇಸ್‌ಸಾರ್ಟ್ ಹಾಕುವುದೇ ಕ್ಷೇಮ.

ಕಡಲತಡಿ: ನನ್ನ ಪುಸ್ತಕಗಳೆಲ್ಲ ಅಟ್ಟದ ಮೇಲಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿವೆ. ಫ್ಯಾನ್ ಕೂಡ ಇಲ್ಲ, ಬೇಸಿಗೆಯಲ್ಲೂ ಬಿಸಿಯಾಗಿಲ್ಲ. ಚಿತ್ರ ಹಾಕಲೇ?

ಅಲೆಮಾರಿ: ಯಾರು ಕೇಳಿದರು?

ಹಳೆಹೊತ್ತಗೆ: ಫಾರ್‌ಈಚ್ ಹಾಕಿದೆ, ಸಾಲು ನೆಟ್ಟಗಾಯಿತು. ಆದರೆ ಇನ್ನೊಂದು ಫೋಲ್ಡರಿನಲ್ಲಿ ಪುಟ೨, ಪುಟ೧೦ ಎಂದಿದೆ. ಅಲ್ಲಿ ಈಗಲೂ ೧೦ ಮುಂದೆ.

ಗುಂಡುಸೂಜಿ: ಕನ್ನಡ ಅಂಕಿ ಎಂದು ಈಗ ಹೇಳುತ್ತೀರಾ! ನ್ಯಾಟ್‌ಸಾರ್ಟ್‌ಗೆ 0ರಿಂದ 9 ಮಾತ್ರ ಅಂಕಿ, ಉಳಿದದ್ದು ಬರಿಯ ಬೈಟು. ಪಿಎಚ್‌ಪಿಗೆ ಬೇರೆ ಬೇರೆ ಭಾಷೆಗಳ ಅರಿವು ಕೊಡುವ ಇಂಟಲ್ (intl) ವಿಸ್ತರಣೆಯಿಂದ ಪಠ್ಯ ಜೋಡಿಸುವ ಕೊಲೇಟರ್ ತೆಗೆದುಕೊಂಡು, ಅಂಕಿಗಳನ್ನು ಸಂಖ್ಯೆಯಾಗಿ ಹೋಲಿಸುವ ನ್ಯೂಮರಿಕ್_ಕೊಲೇಶನ್ ಆನ್ ಮಾಡಿ. ಸರ್ವರಿನಲ್ಲಿ ಇಂಟಲ್ ಇದೆಯೇ?

ಮಲೆನಾಡಿಗ: ಅಷ್ಟೆಲ್ಲ ಏಕೆ? ಪುಟ೦೦೨, ಪುಟ೦೧೦ ಎಂದು ಹೆಸರು ಬದಲಿಸಿ.

ಹಳೆಹೊತ್ತಗೆ: ಆ ಹೆಸರುಗಳು ಸೂಚಿಯಲ್ಲಿ ಸೇರಿಹೋಗಿವೆ, ಮುಟ್ಟುವಂತಿಲ್ಲ. ಇಂಟಲ್ ಬಗ್ಗೆ ಹೋಸ್ಟಿಂಗ್‌ನವರಿಗೆ ಬರೆದಿದ್ದೇನೆ.