ಸಹಾಯ ಬೇಕು: ಕಬ್ಬು ಕಡಿಯುವವರ ಸಂಘವನ್ನು ನೋಂದಾಯಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಂಡಿ ತಾಲ್ಲೂಕಿನ ನಮ್ಮ ಊರಿನಿಂದ ಹಲವು ಕುಟುಂಬಗಳು ಪ್ರತಿ ಹಂಗಾಮಿಗೆ ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯಲು ಹೋಗುತ್ತವೆ. ಕೂಲಿ ಟನ್ನಿನ ಲೆಕ್ಕ. ಮುಂಗಡ ಕೊಡುವವನು ಗ್ಯಾಂಗಿನ ಮುಖಂಡ. ತೂಕದ ಚೀಟಿಯೂ ಅವನ ಕೈಯಲ್ಲೇ. ಹಂಗಾಮು ಮುಗಿದರೂ ಮುಂಗಡ ತೀರಿಲ್ಲ, ಮುಂದಿನ ವರ್ಷವೂ ಬರಲೇಬೇಕು ಎನ್ನುತ್ತಾನೆ. ಸಾಲಕ್ಕಾಗಿ ಹೀಗೆ ಕಟ್ಟಿಹಾಕಿ ದುಡಿಸುವುದನ್ನು 1976ರ ಜೀತ ಪದ್ಧತಿ ನಿರ್ಮೂಲನೆ ಕಾಯ್ದೆ ನಿಷೇಧಿಸಿದೆ. ಆದರೂ ಒಬ್ಬೊಬ್ಬರೇ ಹೋಗಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಅದಕ್ಕೇ ಸಂಘ ಕಟ್ಟಬೇಕೆಂದಿದ್ದೇವೆ.

ಏಳು ಜನ ಸಹಿ ಹಾಕಿದರೆ ನೋಂದಣಿಗೆ ಅರ್ಜಿ ಸಲ್ಲಿಸಬಹುದು ಎಂದು 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಆದರೆ ಆ ಉದ್ಯಮ ಅಥವಾ ಸಂಸ್ಥೆಯ ಕೆಲಸಗಾರರಲ್ಲಿ ಶೇ. 10 ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ತೊಡಕಿರುವುದು ಇಲ್ಲೇ: ನಮ್ಮನ್ನು ಯಾರ ಕೆಲಸಗಾರರೆಂದು ಲೆಕ್ಕ ಹಿಡಿಯುವುದು? ಕಾರ್ಖಾನೆಯೋ, ಹೊಲದ ರೈತನೋ, ಗ್ಯಾಂಗಿನ ಮುಖಂಡನೋ, ಕಾನೂನಿನ ಪ್ರಕಾರ ನಮ್ಮ ಮಾಲೀಕ ಯಾರು? ರೈತನ ಮೇಲೆ ನಮಗೆ ಸಿಟ್ಟಿಲ್ಲ, ಅವನೂ ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣಕ್ಕಾಗಿ ಕಾಯುವವನೇ.

ಕೃಷಿ ಕೂಲಿಕಾರರ ಸಂಘವನ್ನು ನೋಂದಾಯಿಸಿದ ಅನುಭವವಿದ್ದವರು, ಕಾರ್ಮಿಕ ಕಾನೂನು ಬಲ್ಲ ವಕೀಲರು ದಯವಿಟ್ಟು ತಿಳಿಸಿ. ಸಂಘದ ನಿಯಮಾವಳಿಯ ಮಾದರಿ ಕನ್ನಡದಲ್ಲಿದ್ದರೆ ಕಳುಹಿಸಿ. ಈ ಸಲದ ಮುಂಗಡ ಹಂಚುವ ಮೊದಲೇ ಅರ್ಜಿ ಹಾಕಬೇಕಿದೆ.