ಅಪ್‌ಡೇಟ್: ಕ್ರೀಡಾ ನೀತಿಯ ಸಭೆಗೆ ಕ್ಲಬ್‌ನವರಲ್ಲದವರನ್ನು ಕರೆತರೋದು ಹೇಗೆ?

ನಗರದ ಸಮುದಾಯ ಕ್ರೀಡಾ ನೀತಿಯ ಸಭೆಗೆ ಬರೀ ಕ್ಲಬ್‌ನವರೇ ಬರ್ತಾರೆ, ಉಳಿದವರನ್ನು ಹೇಗೆ ಸೇರಿಸೋದು ಅಂತ ಕೇಳಿದ್ದೆ. ಸಭೆಯನ್ನೇ ಮೈದಾನಕ್ಕೆ ಒಯ್ಯಿರಿ ಅಂದಿದ್ರಿ. ಹಾಗೇ ಮಾಡಿದ್ವಿ. ನಕ್ಷೆ ಹಾಸಿ, ಆಡೋ ಜಾಗಕ್ಕೆ ಹಸಿರು, ಹೋಗೋಕೆ ಹೆದರೋ ಜಾಗಕ್ಕೆ ಕೆಂಪು ಚುಕ್ಕೆ ಅಂಟಿಸಿ ಅಂದ್ವಿ. ಒಂದೇ ಮೈದಾನದ ಮೇಲೆ ಹುಡುಗರ ಹಸಿರು, ಹೆಣ್ಣುಮಕ್ಕಳ ಕೆಂಪು! ಗೇಟಿನ ಬಳಿ ದೀಪ ಇಲ್ಲ, ಶೌಚಾಲಯಕ್ಕೆ ಬೀಗ. ನಮ್ಮ ಕರಡಿನಲ್ಲಿ ಇದರ ಸುಳಿವೇ ಇರಲಿಲ್ಲ. ಈಗ ಮೈದಾನದ ಸಮಯ ಹಂಚೋ ಸಮಿತಿಯಲ್ಲಿ ಆ ಹೆಣ್ಣುಮಕ್ಕಳಿಗೂ ಮತ ಇದೆ.

ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಶಾಲಾ ಮೈದಾನಗಳನ್ನು ಸಂಜೆ ತೆರೆಯದೆ ಅದು ಆಗೋ ಮಾತಲ್ಲ. ಮಾತುಕತೆ ನಡೀತಿದೆ, ಕಾವಲು, ನಿರ್ವಹಣೆಯ ಖರ್ಚು ಯಾರದ್ದು ಅನ್ನೋದೇ ಕಗ್ಗಂಟು.